ಲೈಟ್ ಆರಿಸುವ ಹುಡುಗಿ

ಕಬುಲಾಳಿಗೆ ಅಳು ಬರುತ್ತಿರಲಿಲ್ಲ. ಇದೂ ಒಂದು ಕಷ್ಟವೇ ಎಂದು ಮೂಗು ಮುರಿಯುವವರು ದಾರ್ ಎಸ್ ಸಲಾಮಿನಲ್ಲಿ ಸಿನಿಮಾ ತೆಗೆಯುವುದನ್ನು ಕಂಡವರಲ್ಲ. ಅಲ್ಲಿ ನಟಿಯ ಯೋಗ್ಯತೆಯನ್ನು ಅಳೆಯುವುದೇ ಕಣ್ಣೀರಿನಿಂದ. ಗಂಡ ಬಿಟ್ಟು ಹೋದಾಗ ಅಳಬೇಕು, ವಾಪಸು ಬಂದಾಗಲೂ ಅಳಬೇಕು. ಮಾಟ ಮಾಡಿಸಿದ್ದು ಸ್ವಂತ ಅತ್ತೆಯೇ ಎಂದು ಗೊತ್ತಾದಾಗಲಂತೂ ಕ್ಯಾಮೆರಾ ಮುಖದ ಹತ್ತಿರಕ್ಕೇ ಬಂದು ನಿಲ್ಲುತ್ತದೆ, ನೀರು ಗಲ್ಲದವರೆಗೆ ಇಳಿಯಲೇಬೇಕು. ಬಸ್ ನಿಲ್ದಾಣದಲ್ಲಿ ಸಿ.ಡಿ. ಮಾರುವವರು ಕೂಡ ಇದರಲ್ಲಿ ಚೆನ್ನಾಗಿ ಅತ್ತಿದ್ದಾರೆ, ತಗೊಳ್ಳಿ ಎಂದೇ ಕೂಗುವುದು.

ಆ ಹೊತ್ತಿಗೆ ಕಬುಲಾ ಮೂರು ಸಿನಿಮಾ ಮಾಡಿದ್ದಳು. ಮೂರರಲ್ಲೂ ಮನೆಗೆಲಸದ ಹುಡುಗಿ. ಮೊದಲನೆಯದರಲ್ಲಿ ಅತಿಥಿಗಳಿಗೆ ಸೋಡಾ ತಂದಿಟ್ಟಳು, ಎರಡನೆಯದರಲ್ಲಿ ಕೆನ್ನೆಗೆ ಹೊಡೆಸಿಕೊಂಡಳು, ಮೂರನೆಯದರಲ್ಲಿ ಸೋಡಾ ಚೆಲ್ಲಿ ಕೆನ್ನೆಗೆ ಹೊಡೆಸಿಕೊಂಡಳು. ಇದನ್ನು ಏಳಿಗೆ ಎನ್ನುವುದಾದರೆ ಏಳಿಗೆಯೇ ಸರಿ.

ನಾಲ್ಕನೆಯದರಲ್ಲಿ ಅದೃಷ್ಟ ತಿರುಗಿತು. ಡೈರೆಕ್ಟರ್ ಗಾಸ್ಪರ್ ಅವಳಿಗೆ ಮಗಳ ಪಾತ್ರ ಕೊಟ್ಟ. ಅಪ್ಪ ಸಾಯುತ್ತಾನೆ, ಮಗಳು ಹೆಣದ ಪೆಟ್ಟಿಗೆಯ ಮೇಲೆ ಬಿದ್ದು ಅಳುತ್ತಾಳೆ, ಆಮೇಲೆ ಉಳಿದ ಕಥೆಯೆಲ್ಲ ಅವಳ ಹೆಗಲ ಮೇಲೆ. ಆದರೆ ಗಾಸ್ಪರ್ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಪೆಟ್ಟಿಗೆಯ ಮುಂದೆ ಕಣ್ಣೀರು ಬಂದರೆ ಪಾತ್ರ ನಿನ್ನದು, ಬಾರದಿದ್ದರೆ ನನ್ನ ನಾದಿನಿಯದು. ಆ ನಾದಿನಿ ದಿನವೂ ಬಂದು ಒಂದು ಮೂಲೆಯಲ್ಲಿ ಕೂತಿರುತ್ತಿದ್ದಳು. ಅವಳಿಗೆ ಅಳು ನಲ್ಲಿ ತಿರುಗಿಸಿದ ಹಾಗೆ ಬರುತ್ತಿತ್ತು.

ಕಬುಲಾ ಮನೆಯಲ್ಲಿ ಕನ್ನಡಿ ಹಿಡಿದು ಅಭ್ಯಾಸ ಮಾಡಿದಳು. ಈರುಳ್ಳಿ ಮೂಸಿದಳು, ನೆಗಡಿಯ ಮುಲಾಮು ಕಣ್ಣಿನ ಕೆಳಗೆ ಹಚ್ಚಿಕೊಂಡಳು. ಮೂಗು ಸೋರಿತು, ಕಣ್ಣು ಕೆಂಪಾಯಿತು, ಅಳು ಮಾತ್ರ ಇಲ್ಲ. ನಿನಗೆ ತುಂಬ ಹತ್ತಿರದವರು ಸತ್ತರು ಅಂತ ನೆನಸಿಕೋ ಎಂದು ಗಾಸ್ಪರ್ ಉಪಾಯ ಹೇಳಿಕೊಟ್ಟ. ಅವಳು ಟಂಡಿಕಾ ಮಾರುಕಟ್ಟೆಯಲ್ಲಿ ಮೀನು ಕರಿದು ಮಾರುವ ತನ್ನ ಅಮ್ಮನನ್ನು ನೆನೆದಳು. ಅಮ್ಮ ಸತ್ತಳು ಎಂದುಕೊಂಡಳು. ಕೂಡಲೇ ಏನಾಯಿತೆಂದರೆ, ಮನಸ್ಸಿನಲ್ಲಿ ಅವಳ ಅಜ್ಜಿ ಅಮ್ಮನ ಬಟ್ಟೆ ಉಟ್ಟುಕೊಂಡು ಬಂದು, ಎಣ್ಣೆ ಸಿಡಿದರೆ ಅಮ್ಮ ಹೇಗೆ ಹಿಂದಕ್ಕೆ ಹಾರುತ್ತಾಳೋ ಹಾಗೇ ಹಾರಿ ತೋರಿಸಿದಳು. ಕಬುಲಾಳಿಗೆ ಕಿಸಕ್ಕನೆ ನಗು ಬಂತು.

ತಪ್ಪೆಲ್ಲ ಆ ಅಜ್ಜಿ ನ್ಯಾಮಿಜಿಯದು. ಕಬುಲಾಳ ಮನೆಯವರು ತಬೋರಾ ಕಡೆಯ ನ್ಯಾಮ್ವೇಜಿ ಜನ. ಕರಾವಳಿಯ ಜರಾಮೋ ಜನಕ್ಕೂ ಇವರಿಗೂ, ಹಿಂದೆ ಹೊರೆ ಹೊತ್ತು ಸಮುದ್ರದ ತನಕ ನಡೆದು ಬರುತ್ತಿದ್ದ ಕಾಲದಿಂದಲೂ, ಉತಾನಿ ಎಂಬ ನಂಟು. ಗೇಲಿಯ ನಂಟು ಅದು. ಇವರು ಅವರನ್ನು ಏನು ಬೇಕಾದರೂ ಅನ್ನಬಹುದು, ಅವರು ಇವರನ್ನು ಅನ್ನಬಹುದು, ಕೋಪ ಮಾತ್ರ ಮಾಡಿಕೊಳ್ಳುವಂತಿಲ್ಲ. ಜರಾಮೋ ಮನೆಯಲ್ಲಿ ಸಾವಾದರೆ ಗೇಲಿ ನಂಟರು ಬರಲೇಬೇಕು. ಬಂದು, ಸತ್ತವನ ಟೋಪಿ ಹಾಕಿಕೊಂಡು ಅವನ ಹಾಗೇ ನಡೆದು, ಅವನ ಹಾಗೇ ಕೆಮ್ಮಿ, ಬೈದು, ಅಳುತ್ತಿರುವವರನ್ನು ನಗಿಸಬೇಕು. ಹೆಣ ಎತ್ತುವವರಿಗೆ ಅಡ್ಡ ನಿಲ್ಲಬೇಕು.

ಅವರಿದ್ದ ಟೆಮೆಕೆ ಬಡಾವಣೆಯ ಸುತ್ತಮುತ್ತ ಈ ಕೆಲಸದಲ್ಲಿ ನ್ಯಾಮಿಜಿಯನ್ನು ಮೀರಿಸುವವರಿರಲಿಲ್ಲ. ಸಾವಿನ ಮನೆಗೆ ಹೋದವಳು ನೆಟ್ಟಗೆ ಹಿತ್ತಲಿನ ಒಲೆಯ ಬಳಿ ಹೋಗಿ ಅಲ್ಲಿ ಅಡಿಗೆ ಮಾಡುವ ಹೆಂಗಸರನ್ನು ಕೇಳುತ್ತಿದ್ದಳು. ಅವನು ಚಹಾಕ್ಕೆ ಹೇಗೆ ಕೂಗುತ್ತಿದ್ದ? ಕೋಪ ಬಂದರೆ ಯಾವ ಕೈ ಎತ್ತುತ್ತಿದ್ದ? ಕುರ್ಚಿಯಿಂದ ಏಳುವಾಗ ಏನು ಗೊಣಗುತ್ತಿದ್ದ? ಅಜ್ಜಿಯ ಸೆರಗು ಹಿಡಿದು ಹೋದ ಮಗು ಕಬುಲಾ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಳು. ಯಾರಾದರೂ ಜೋರಾಗಿ ಗೋಳಿಟ್ಟಾಗ ಅವಳಿಗೂ ತುಟಿ ನಡುಗುತ್ತಿತ್ತು. ಆಗ ಅಜ್ಜಿ ತೊಡೆಗೆ ಚಿವುಟುತ್ತಿದ್ದಳು.

"ಅಳೋರಿಗೇನು ಇಲ್ಲಿ ಬರ ಬಂದಿಲ್ಲ. ನಾವು ಬಂದಿರೋದು ಅದಕ್ಕಲ್ಲ ಕಣೇ."

ಹೀಗೆ ಚಿವುಟಿಸಿಕೊಂಡೂ ಚಿವುಟಿಸಿಕೊಂಡೂ ಕಬುಲಾಳ ಕಣ್ಣೀರು ಎಲ್ಲಿಗೆ ಹೋಗಿ ಅಡಗಿತೋ ಏನೋ. ಅದರ ಬದಲು ಬೇರೊಂದು ಚಟ ಅಂಟಿಕೊಂಡಿತು. ಯಾರನ್ನು ಕಂಡರೂ ಇವರು ಹೇಗೆ ನಡೆಯುತ್ತಾರೆ, ಯಾಕೆ ಹೀಗೆ ನಡೆಯುತ್ತಾರೆ ಎಂದು ನೋಡುತ್ತ ನಿಂತುಬಿಡುವುದು. ಮಿನಿಬಸ್ಸಿನಲ್ಲಿ ಎದುರು ಕೂತವರು ಎಷ್ಟೋ ಸಲ ಏನಮ್ಮಾ, ನನ್ನ ಮುಖದಲ್ಲೇನಾದರೂ ಅಂಟಿದೆಯಾ ಎಂದು ಕೇಳಿದ್ದುಂಟು.

ಗಾಸ್ಪರ್ ಶೂಟಿಂಗಿಗೆ ಹಿಡಿದ ಮನೆ ಅದೇ ಊರಿನ ಮ್ಬಗಾಲಾದಲ್ಲಿತ್ತು. ಜರಾಮೋ ಮುದುಕ ಪಾಜಿಯದು. ಮನೆ ದೊಡ್ಡದು, ಸೋಫಾ ಹೊಸದು, ಆದರೆ ಪಾಜಿ ಮುದುಕ ಅಸಾಧ್ಯ ಜಿಪುಣ. ಮೊದಲೇ ದುಡ್ಡು ಕಟ್ಟಿ ತುಂಬಿಸುವ ಗೋಡೆಯ ಕರೆಂಟು ಮೀಟರಿನ ಮೇಲೆ ಅವನಿಗೆ ಹೆಂಡತಿಗಿಂತ ಹೆಚ್ಚು ಪ್ರೀತಿ. ಶೂಟಿಂಗಿನ ದೊಡ್ಡ ದೀಪ ಹೊತ್ತಿದ್ದೇ ತಡ, ಅಂಕೆಗಳು ಸರಸರ ಇಳಿಯುವುದನ್ನು ನೋಡಿ ಅವನಿಗೆ ಜೀವವೇ ಬಾಯಿಗೆ ಬರುತ್ತಿತ್ತು. ಎರಡು ಕೈ ಬೆನ್ನಿಗೆ ಕಟ್ಟಿಕೊಂಡು, ಎಡಗಾಲಿನ ಚಪ್ಪಲಿ ಎಳೆಯುತ್ತ ಬರುವುದು, ಬಾಗಿಲಲ್ಲಿ ನಿಂತು ಗಲ್ಲ ಎತ್ತಿ ಮೊದಲು ಬಲ್ಬನ್ನು, ಆಮೇಲೆ ಮನುಷ್ಯರನ್ನು ನೋಡುವುದು, ಲೊಚಗುಟ್ಟುವುದು, ಯಾರಪ್ಪನ ಮನೆ ಕರೆಂಟು ಎಂದು ಗೊಣಗಿ ಸ್ವಿಚ್ ಆರಿಸುವುದು. ಎರಡು ದಿನದಲ್ಲಿ ಅದೆಷ್ಟು ದೃಶ್ಯಗಳನ್ನು ಕತ್ತಲು ಮಾಡಿದನೋ.

ಕಬುಲಾಳಂತೂ ಬಿಡುವಿನಲ್ಲೆಲ್ಲ ಅವನನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆ ಎಡಗಾಲನ್ನು ಯಾಕೆ ಎಳೆಯುತ್ತಾನೆ? ನೋವಿದ್ದವರು ಮುಖ ಸಿಂಡರಿಸುತ್ತಾರೆ, ಇವನು ಸಿಂಡರಿಸುವುದಿಲ್ಲ. ಕುಂಟರು ಮೆಟ್ಟಿಲ ಬಳಿ ನಿಧಾನಿಸುತ್ತಾರೆ, ಇವನು ನಿಧಾನಿಸುವುದಿಲ್ಲ. ಮತ್ತೇನಿರಬಹುದು? ಅವನಿಗೂ ಅವಳ ನೋಟ ತಿಳಿಯಿತು. ಯಾವ ಊರೆಂದು ಕೇಳಿದ. ತಬೋರಾ ಎಂದಾಗ ಅವನ ಮುಖ ಅರಳಿತು.

"ಹಂಗನ್ನು. ಮೂಟೆ ಹೊರೋರ ಮೊಮ್ಮಗಳು. ಇಷ್ಟು ದೂರ ಬಂದು ನಮ್ಮನೆ ಕರೆಂಟು ಹೊತ್ಕೊಂಡು ಹೋಗೋಕೆ ಬಂದಿದೀಯಾ?"

"ಹೌದು ತಾತ, ನಿಮ್ಮ ಮೂಟೆಗಳನ್ನ ನಾವು ಹೊತ್ತಿದ್ದಕ್ಕೇ ನೀವು ಕೂತು ಮೈ ಬೆಳೆಸಿದ್ದು. ಕಾಲೆಳ್ಕೊಂಡು ಓಡಾಡೋದೂ ಅದಕ್ಕೇ ಇರಬೇಕು."

ಮುದುಕ ಹೊಟ್ಟೆ ಕುಲುಕಿಸಿ ನಕ್ಕ. ಕಿಲಿಮಂಜಾರೋ ಕಡೆಯಿಂದ ಬಂದ ಗಾಸ್ಪರ್‌ಗೆ ಇದು ಅರ್ಥವಾಗದೆ, ಮನೆಯ ಯಜಮಾನನನ್ನೇ ಅವಮಾನ ಮಾಡುತ್ತೀಯಾ ಎಂದು ಕಬುಲಾಳನ್ನು ಪಕ್ಕಕ್ಕೆ ಕರೆದು ಬೈದ.

ಮೂರನೆಯ ದಿನ ಸಾವಿನ ದೃಶ್ಯ. ಅಂಗಳದಲ್ಲಿ ನೆರಳಿನ ತಾಡಪಾಲು ಕಟ್ಟಿ ಗಂಡಸರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಒಳಗೆ ಚಾಪೆ ಹಾಸಿ ಹೆಂಗಸರನ್ನು ಕೂರಿಸಿದರು. ನಡುವೆ ಬಡಗಿಯ ಕೈಲಿ ಮಾಡಿಸಿದ ಹೆಣದ ಪೆಟ್ಟಿಗೆ, ಮೇಲೆ ಹಸಿರು ಬಟ್ಟೆ, ಒಳಗೆ ಎರಡು ದಿಂಬು. ಪಾಜಿಯ ಹೆಂಡತಿ ಜೈತುನಿಗೆ ಸಿನಿಮಾದಲ್ಲಿ ಕಾಣಿಸಿಕೊಳ್ಳುವ ಆಸೆ ಬಹಳ. ಗಾಸ್ಪರ್ ಅವಳನ್ನು ವಿಧವೆಯ ಪಾತ್ರದವಳ ಪಕ್ಕದಲ್ಲೇ, ತಲೆಯ ಮೇಲೆ ಖಾಂಗಾ ಬಟ್ಟೆ ಹೊದಿಸಿ ಕೂರಿಸಿದ. ಪಾಜಿಯನ್ನು ಮಾತ್ರ ಸ್ವಿಚ್‌ಗಳ ಹತ್ತಿರ ಸುಳಿಯದಂತೆ ಹಿಂದಿನ ಕೋಣೆಗೆ ಕಳಿಸಿ ಬಾಗಿಲೆಳೆದುಕೊಳ್ಳಲು ಬೇಡಿಕೊಂಡ.

ಬರೆದ ಮಾತು ಎಂಬುದು ಆ ಸಿನಿಮಾಗಳಲ್ಲಿ ಇರುವುದಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತ ಡೈರೆಕ್ಟರ್ ಕಥೆ ಹೇಳುತ್ತಾನೆ, ಮಾತು ಅವರವರ ಬಾಯಿಗೆ ಬಂದದ್ದು. ಹಾಗಾಗಿ ಗಾಸ್ಪರ್‌ಗೆ ಒಂದೇ ಕಾನೂನು.

"ಕಟ್ ಅಂತ ನಾನು ಹೇಳೋ ತನಕ ಯಾರೂ ನಿಲ್ಲಿಸೋ ಹಾಗಿಲ್ಲ. ಮನೆಗೆ ಬೆಂಕಿ ಬಿದ್ರೂ ಸರಿ."

ಜೈತುನಿ ಇದನ್ನು ಮಂತ್ರದಂತೆ ಮನಸ್ಸಿನಲ್ಲಿಟ್ಟುಕೊಂಡಳು.

ಮೊದಲ ಸಲ ಕಬುಲಾ ಪೆಟ್ಟಿಗೆಯ ಮೇಲೆ ಬಿದ್ದಳು, ಅಪ್ಪಾ ಎಂದಳು, ಕಣ್ಣು ಒಣಗಿತ್ತು. ಎರಡನೆಯ ಸಲ ಇನ್ನೂ ಜೋರಾಗಿ ಬಿದ್ದಳು, ಮಂಡಿ ತರಚಿತು, ಅದಕ್ಕೂ ಕಣ್ಣೀರು ಬರಲಿಲ್ಲ. ಇದೇ ಕೊನೆ ಎಂದು ಗಾಸ್ಪರ್ ಹೇಳಿದ. ಮೂಲೆಯಲ್ಲಿ ನಾದಿನಿ ಆಗಲೇ ತಲೆಗೆ ಖಾಂಗಾ ಕಟ್ಟಿಕೊಳ್ಳುತ್ತಿದ್ದಳು. ಸೋಡಾ ತಟ್ಟೆ ಮತ್ತೆ ಕೈಗೆ ಬಂದ ಹಾಗೇ ಆಯಿತು ಕಬುಲಾಳಿಗೆ. ಎದೆ ಭಾರವಾಯಿತು, ಆದರೆ ಆ ಭಾರ ಕಣ್ಣಿನವರೆಗೆ ಏರಲಿಲ್ಲ.

ಮೂರನೆಯ ಸಲ ಕ್ಯಾಮೆರಾ ಓಡಲು ಶುರುವಾಗಿತ್ತಷ್ಟೆ. ಗೇಟಿನ ಹತ್ತಿರ ಒಂದು ಚೀತ್ಕಾರ ಎದ್ದಿತು. ಪಾಜಿಯ ತಂಗಿ ಕಿದಾವಾ ಕಿಸರಾವೆಯಿಂದ ಅಣ್ಣನಿಗೆಂದು ಬುಟ್ಟಿ ತುಂಬ ಮರಗೆಣಸು ಹೊತ್ತು ಬಂದಿದ್ದಳು. ಶೂಟಿಂಗಿನ ವಿಷಯ ಅವಳಿಗೇನು ಗೊತ್ತು? ಅಂಗಳದಲ್ಲಿ ತಾಡಪಾಲು, ಗಂಡಸರು ತಲೆ ತಗ್ಗಿಸಿ ಕೂತಿದ್ದಾರೆ, ಬಾಗಿಲಾಚೆ ಹಸಿರು ಬಟ್ಟೆ. ಅಂಥ ಮನೆಯ ಮುಂದೆ ನಿಂತು ವಿಚಾರಿಸುವ ಪದ್ಧತಿ ಅಲ್ಲಿಲ್ಲ, ನೇರ ಒಳಗೆ ಹೋಗಿ ಅಳುವುದೇ. ಅವಳ ಗೋಳು ಕೇಳಿ ಕೇರಿಯವರು ಬೆಚ್ಚಿದರು. ಎರಡು ದಿನದಿಂದ ಪಾಜಿ ಮುದುಕ ಗೇಟಿನ ಬಳಿಯ ಬೆಂಚಿನಲ್ಲಿ ಕಂಡಿರಲಿಲ್ಲ, ನಿಜ. ಸ್ವಂತ ತಂಗಿ ಹೀಗೆ ಅಳುತ್ತಿದ್ದಾಳೆಂದರೆ ಸಿನಿಮಾ ಎಲ್ಲಿಯದು, ಮುದುಕ ರಾತ್ರಿಯೇ ಹೋಗಿರಬೇಕು. ಒಬ್ಬೊಬ್ಬರೇ ತಲೆಗೆ ಬಟ್ಟೆ ಎಳೆದುಕೊಂಡು ಒಳಗೆ ನುಗ್ಗಿದರು.

ಕಿದಾವಾ ಜೈತುನಿಯ ಕೊರಳು ತಬ್ಬಿದಳು.

"ಒಂದು ಮಾತು ಹೇಳಿ ಕಳಿಸ್ಬಾರದಿತ್ತೇ ಅತ್ತಿಗೆ? ನಾನೇನು ಹೊರಗಿನವಳಾ?"

ಜೈತುನಿ ಗಾಸ್ಪರ್ ಕಡೆ ನೋಡಿದಳು. ಅವನು ಕಟ್ ಎನ್ನಲಿಲ್ಲ. ಅವಳು ಖಾಂಗಾ ಮುಖಕ್ಕೆಳೆದುಕೊಂಡು ಅತ್ತಳು. ಆಮೇಲೆ ಇದಕ್ಕಾಗಿ ಅವಳು ಕೇಳಿದ ಬೈಗುಳ ಅಷ್ಟಿಷ್ಟಲ್ಲ. ಮನೆಗೆ ಬೆಂಕಿ ಬಿದ್ರೂ ಅಂದಿದ್ರು, ನಾನೇನು ಮಾಡ್ಲಿ ಎಂಬುದೊಂದೇ ಅವಳ ಉತ್ತರ. ಗಾಸ್ಪರ್ ಕಟ್ ಎನ್ನುವುದಿರಲಿ, ನಿಲ್ಲಿಸಬೇಡ ಎಂದು ಕ್ಯಾಮೆರಾದವನಿಗೆ ಕೈಸನ್ನೆ ಮಾಡುತ್ತಿದ್ದ. ಅಂಥ ಅಳು ಅವನ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕಬುಲಾಳಿಗೂ ಕಣ್ಣಿನಲ್ಲೇ ಹೇಳಿದ: ನೋಡು, ಇವಳನ್ನು ನೋಡಿಯಾದರೂ ಅಳು.

ಕಬುಲಾ ನೋಡಿದಳು. ಸುಳ್ಳೇಕೆ, ಕುತೂಹಲದಿಂದಲೇ ನೋಡಿದಳು. ಕಿದಾವಾಳ ಕೈಯಿಂದ ಬುಟ್ಟಿ ಇನ್ನೂ ಇಳಿದಿರಲಿಲ್ಲ. ಬಾಯಿ ತೆರೆದ ಮೇಲೆ ಎಷ್ಟೋ ಹೊತ್ತಿಗೆ ದನಿ ಬರುತ್ತಿತ್ತು. ಕಣ್ಣೀರು ಒಂದೇ ಕಣ್ಣಿನಿಂದ ಮೊದಲು ಬಂತು. ನಿಜವಾದ ಅಳು ಹೀಗಿರುತ್ತದೆಯೇ? ಅಷ್ಟರಲ್ಲಿ ಕಿದಾವಾ ಹಸಿರು ಬಟ್ಟೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಮಾತಾಡತೊಡಗಿದಳು.

"ಹೋದ ಸಲ ಜಗಳ ಆಡಿ ಹೋದೆನಲ್ಲೋ. ಅದನ್ನ ಮನಸ್ಸಲ್ಲಿ ಇಟ್ಕೊಂಡೇ ಹೋದೆಯಾ? ನೋಡು, ಗೆಣಸು ತಂದಿದೀನಿ."

ಕಬುಲಾಳ ತೊಡೆಗೆ ಅಜ್ಜಿ ಚಿವುಟಿದಂತಾಯಿತು. ದಿಂಬಿನ ಮುಂದೆ ಒಬ್ಬಳು ತಪ್ಪೊಪ್ಪಿಕೊಳ್ಳುತ್ತಿದ್ದಾಳೆ, ಇವರೆಲ್ಲ ಅದನ್ನು ನೋಡುತ್ತ ಕೂತಿದ್ದಾರೆ, ತಾನೂ ನೋಡುತ್ತಿದ್ದಾಳೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಈಗ ಬಾಯಿ ಬಿಟ್ಟು ಇದು ಸಿನಿಮಾ ಎಂದರೆ ಕಾನೂನು ಮುರಿದ ಹಾಗೆ, ಪಾತ್ರ ಹೋಯಿತು. ಸುಮ್ಮನಿದ್ದರೆ ಈ ಹೆಂಗಸಿನ ಎದೆ ಒಡೆಯುತ್ತದೆ. ಆದರೆ ಜರಾಮೋ ಮನೆಯ ಸಾವಿನಲ್ಲಿ ನ್ಯಾಮ್ವೇಜಿಯವಳೊಬ್ಬಳು ಯಾರ ಅಪ್ಪಣೆಯೂ ಇಲ್ಲದೆ ಮಾಡಬಹುದಾದ ಕೆಲಸ ಒಂದಿತ್ತು.

ಅವಳು ಎದ್ದಳು. ಕೈ ಬೆನ್ನಿಗೆ ಕಟ್ಟಿದಳು. ಎಡಗಾಲೆಳೆಯುತ್ತ ಹೆಂಗಸರ ನಡುವೆ ನಡೆದಳು. ಗಲ್ಲ ಎತ್ತಿ ದೊಡ್ಡ ದೀಪಗಳನ್ನು ನೋಡಿದಳು, ಆಮೇಲೆ ಜನರನ್ನು ನೋಡಿದಳು, ಲೊಚಗುಟ್ಟಿದಳು.

"ಇದ್ಯಾರಪ್ಪನ ಮನೆ ಕರೆಂಟು? ಬದುಕಿರೋರಿಗೇ ನಾನು ಲೈಟ್ ಹಾಕಲ್ಲ, ಸತ್ತೋರಿಗೆ ಹಾಕ್ತೀನಾ?"

ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದಳು. ಹಜಾರ ಕತ್ತಲಾಯಿತು, ಕಿಟಕಿಯ ಬೆಳಕು ಮಾತ್ರ ಉಳಿಯಿತು. ಮೊದಲು ಯಾವುದೋ ಮುದುಕಿಯೊಬ್ಬಳು ಫಕ್ಕನೆ ನಕ್ಕಳು. ಇನ್ನೊಬ್ಬಳು ನಕ್ಕಳು. ಕಿದಾವಾ ಒದ್ದೆ ಮುಖವನ್ನು ಎತ್ತಿ ನೋಡಿ, ಅಯ್ಯೋ, ಥೇಟ್ ನಮ್ಮಣ್ಣನೇ ಎಂದು ಅಳುತ್ತಲೇ ನಗಲು ಶುರು ಮಾಡಿದಳು.

ಆಗ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಅಷ್ಟು ಹೊತ್ತೂ ಬಾಗಿಲಿಗೆ ಕಿವಿ ಹಚ್ಚಿಕೊಂಡಿದ್ದ ಪಾಜಿ ಮುದುಕನಿಗೆ ಇನ್ನು ತಡೆಯಲಾಗಲಿಲ್ಲ.

"ಈ ಮನೇಲಿ ಬುದ್ಧಿ ಇರೋಳು ಇವಳೊಬ್ಬಳೇ. ನಾನು ಮೊನ್ನೆಯಿಂದ ಬಾಯಿ ಬಡ್ಕೊಳ್ತಿದೀನಿ."

ಮುಂದಾದದ್ದನ್ನು ಹೇಳುವುದು ಕಷ್ಟ. ಕೇರಿಯ ಹೆಂಗಸರು ಬಾಗಿಲಿನಿಂದ ಓಡಿದರು, ದಪ್ಪನೆಯ ಒಬ್ಬಳು ಕಿಟಕಿಯಲ್ಲಿ ಸಿಕ್ಕಿಕೊಂಡಳು, ಪೆಟ್ಟಿಗೆ ಉರುಳಿ ದಿಂಬು ಹೊರಬಂತು. ಕಿದಾವಾ ಮಾತ್ರ ಓಡಲಿಲ್ಲ. ದಿಂಬನ್ನು ನೋಡಿದಳು, ಅಣ್ಣನನ್ನು ನೋಡಿದಳು, ಬುಟ್ಟಿಯಿಂದ ಒಂದು ಗೆಣಸು ತೆಗೆದು ಅವನ ಭುಜಕ್ಕೆ ಬಾರಿಸಿದಳು. ಇನ್ನೊಂದು ಬಾರಿಸಿದಳು. ಆಮೇಲೆ ಅವನ ಅಂಗಿ ಹಿಡಿದು ಎದೆಗೆ ಹಣೆ ಇಟ್ಟು ನಿಂತಳು. ಮುದುಕ ಅವಳ ತಲೆ ಸವರುತ್ತ, ಜಗಳ ಏನಂತ ನನಗೆ ನೆನಪೇ ಇಲ್ಲ ಕಣೇ ಎಂದ.

ಗಾಸ್ಪರ್ ಹಲ್ಲು ಕಡಿದ. ನಿಜವಾದ ಅಳು ಕಣ್ಣೆದುರು ಬಂದು ಕೂತರೂ ನಿನಗೆ ಒಂದು ಹನಿ ಬರಲಿಲ್ಲ, ಬಂದ ಅಳುವನ್ನೂ ಕೆಡಿಸಿದೆ ಎಂದು ಕೂಗಾಡಿದ. ಮಗಳ ಪಾತ್ರ ನಾದಿನಿಗೆ ಹೋಯಿತು. ಅವಳು ಅಂದೇ ಮಧ್ಯಾಹ್ನ ಪೆಟ್ಟಿಗೆಯ ಮೇಲೆ ಬಿದ್ದು, ದಿಂಬು ನೆನೆಯುವಷ್ಟು ಅತ್ತಳು. ಕಬುಲಾ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಗೆಣಸು ತಿಂದಳು. ಆಗಲೂ ಅವಳಿಗೆ ಅಳು ಬರಲಿಲ್ಲ.

ಆದರೆ ಕಿಟಕಿಯ ಬೆಳಕಿನಲ್ಲಿ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಗಾಸ್ಪರ್ ಜಾಣ, ಸಿಕ್ಕಿದ್ದನ್ನು ಎಸೆಯುವವನಲ್ಲ. ಕಿದಾವಾಳನ್ನೂ ಪಾಜಿಯನ್ನೂ ಕೇಳಿ ಒಪ್ಪಿಸಿ, ಆ ತುಣುಕನ್ನು ಸಿನಿಮಾದಲ್ಲಿ ಸೇರಿಸಿದ. ಸಿ.ಡಿ. ಹೊರಬಂದ ಮೇಲೆ ಜನ ನಾದಿನಿಯ ಅಳುವನ್ನು ಮರೆತರು, ಲೈಟ್ ಆರಿಸಿದ ಹುಡುಗಿಯನ್ನು ಹಿಡಿದುಕೊಂಡರು. ಬಸ್ಸಿನ ಕಂಡಕ್ಟರುಗಳು ಅವಳನ್ನು ಕಂಡರೆ ಬೆನ್ನಿಗೆ ಕೈ ಕಟ್ಟಿ ಗಲ್ಲ ಎತ್ತುತ್ತಿದ್ದರು. ಒಂದಾದ ಮೇಲೊಂದು ಪಾತ್ರ ಬಂತು: ಬಾಯಿಬಡುಕಿ ನಾದಿನಿ, ತರಲೆ ನೆರೆಮನೆಯವಳು, ಮಾಟಗಾರನ ಬಳಿ ಚೌಕಾಸಿ ಮಾಡುವವಳು. ಎಲ್ಲ ನಗಿಸುವವೇ. ಎರಡು ವರ್ಷದಲ್ಲಿ ಅವಳ ಮುಖ ಸಿ.ಡಿ. ಹೊದಿಕೆಯ ಮೇಲೆ ಬರತೊಡಗಿತು, ಒಂದು ಮೂಲೆಯಲ್ಲಾದರೂ.

ಅವಳಿಗೆ ಮಾತ್ರ ಸಮಾಧಾನವಿರಲಿಲ್ಲ. ನಗಿಸುವುದು ಅಜ್ಜಿಯಿಂದ ಬಂದದ್ದು, ಅದರಲ್ಲಿ ತನ್ನದೇನು? ಅಳು ಬಂದರೆ ತಾನೇ ತಾನು ನಟಿ. ಒಮ್ಮೆ ಧೈರ್ಯ ಮಾಡಿ ಗಾಸ್ಪರ್‌ನನ್ನೇ ಕೇಳಿದಳು, ಒಂದು ಅಳುವ ಪಾತ್ರ ಕೊಡಿ ಎಂದು. ಅವನು ಬೈಯಲಿಲ್ಲ, ಅದೇ ಅವಳಿಗೆ ಇನ್ನೂ ನೋವಾದದ್ದು.

"ನೀನು ಅತ್ರೆ ಜನ ನಗ್ತಾರೆ ಕಣಮ್ಮಾ. ಇನ್ನೇನೂ ಮಾಡೋಕಾಗಲ್ಲ."

ಬಿಡುವು ಸಿಕ್ಕಾಗ ಅವಳು ಮ್ಬಗಾಲಾಕ್ಕೆ ಹೋಗುತ್ತಿದ್ದಳು. ಪಾಜಿ ಮುದುಕ ಬೆಂಚಿನ ಮೇಲೆ ಕೂತು, ಬಂದಳಪ್ಪ ಮೂಟೆಯವಳು ಎಂದು ಕೇರಿಗೆಲ್ಲ ಕೇಳುವಂತೆ ಸಾರುತ್ತಿದ್ದ. ಜೈತುನಿ ಚಹಾ, ಎಣ್ಣೆಯಲ್ಲಿ ಕರಿದ ಸಿಹಿ ಮಂದಾಜಿ ತಂದಿಡುತ್ತಿದ್ದಳು. ಮುದುಕನಿಗೆ ಒಂದೇ ಹುಚ್ಚು. ತನ್ನ ನಡಿಗೆಯನ್ನು ಅವಳು ಮಾಡಿ ತೋರಿಸಬೇಕು, ಅವನು ತಪ್ಪು ಹುಡುಕಬೇಕು. ಕೈ ಸರಿ, ಗಲ್ಲ ಸರಿ, ಲೊಚಗುಟ್ಟುವುದು ನನಗಿಂತ ಚೆನ್ನಾಗಿದೆ, ಕಾಲು ಮಾತ್ರ ಸರಿಯಿಲ್ಲ ಎನ್ನುತ್ತಿದ್ದ. ಹಾಗಾದರೆ ಯಾಕೆ ಎಳೆಯುತ್ತೀರಿ, ಹೇಳಿ ಎಂದು ಅವಳು ದುಂಬಾಲು ಬೀಳುತ್ತಿದ್ದಳು. ಅವನು ಹೇಳುತ್ತಿರಲಿಲ್ಲ.

"ಎಲ್ಲ ಇವತ್ತೇ ಹೇಳ್ಬಿಟ್ರೆ ಆಮೇಲೆ ನೀನು ಬರಲ್ಲ," ಎನ್ನುತ್ತಿದ್ದ. ಒಂದು ಸಲ ಮಾತ್ರ ನಗದೆ ಹೇಳಿದ: "ಅವತ್ತು ಬಾಗಿಲ ಹಿಂದೆ ನಿಂತು ಕೇಳಿದೆನಲ್ಲ, ನಾನು ಇಷ್ಟೊಂದು ಬೇಕಾದವನು ಅಂತ ನಂಗೇ ಗೊತ್ತಿರಲಿಲ್ಲ. ನಿಜವಾಗ್ಲೂ ಹೋದಾಗ ನೀನೇ ಬರ್ಬೇಕು. ಅಳೋ ಹಾಗಿಲ್ಲ. ಅತ್ರೆ ಎದ್ದು ಬಂದು ಲೈಟ್ ಆರಿಸ್ತೀನಿ."

ಆ ವರ್ಷ ನಾದಿನಿ ಮದುವೆಯಾಗಿ ಅರುಷಾಕ್ಕೆ ಹೋದಳು. ಗಾಸ್ಪರ್‌ನ ಹೊಸ ಸಿನಿಮಾಕ್ಕೆ ಅಳುವ ನಾಯಕಿಯೇ ಇರಲಿಲ್ಲ. ಬೇರೆ ದಾರಿ ಕಾಣದೆ, ಸೋಮವಾರ ಬೆಳಿಗ್ಗೆ ಬಾ, ನಿನ್ನನ್ನು ಅಳಿಸಿ ನೋಡುತ್ತೇನೆ ಎಂದು ಕಬುಲಾಳನ್ನು ಕರೆದ. ಅವಳು ವಾರವೆಲ್ಲ ನಿದ್ದೆ ಮಾಡಲಿಲ್ಲ. ಸೋಮವಾರ ಬೆಳಿಗ್ಗೆ ಖಾಂಗಾ ಇಸ್ತ್ರಿ ಮಾಡುತ್ತಿದ್ದಾಗ ಫೋನು ಬಂತು. ಜೈತುನಿ.

"ನಿಮ್ಮ ತಾತ ಹೋದ್ರು ಕಬುಲಾ. ಈ ಸಲ ಸಿನಿಮಾ ಅಲ್ಲ."

ಅವಳು ಗಾಸ್ಪರ್‌ಗೆ ಫೋನು ಮಾಡಿ ಸಾವಿನ ಮನೆಗೆ ಹೋಗಬೇಕೆಂದಳು. ನಾಳೆಯಾದರೆ ಬೇರೆಯವಳು ಬರುತ್ತಾಳೆ, ಯೋಚಿಸಿ ನೋಡು ಎಂದ ಅವನು. ಯೋಚಿಸಲು ಏನಿತ್ತು? ಅವಳು ಮ್ಬಗಾಲಾದ ಮಿನಿಬಸ್ಸು ಹತ್ತಿದಳು.

ಅದೇ ತಾಡಪಾಲು, ಅದೇ ಕುರ್ಚಿ, ಅದೇ ಹಸಿರು ಬಟ್ಟೆ. ಪಾಜಿಯ ಮನೆಯ ಹಜಾರದಲ್ಲಿ ಹೆಂಗಸರ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅಜ್ಜಿ ಕಲಿಸಿದಂತೆ ಕಬುಲಾ ನೇರ ಹಿತ್ತಲಿಗೆ ಹೋದಳು. ಕೇಳಲು ಅವಳಿಗೇನೂ ಉಳಿದಿರಲಿಲ್ಲ. ಜೈತುನಿ ಒಳಗಿನಿಂದ ಮುದುಕನ ಟೋಪಿ, ಚಪ್ಪಲಿ ತಂದುಕೊಟ್ಟಳು. ಅವನೇ ತೆಗೆದಿಟ್ಟಿರಲು ಹೇಳಿದ್ದನಂತೆ.

ಟೋಪಿ ಹಾಕಿಕೊಂಡು ಅವಳು ಬಲಗಾಲಿನ ಚಪ್ಪಲಿ ಮೆಟ್ಟಿದಳು. ಎಡಗಾಲಿನದನ್ನು ಮೆಟ್ಟಿ ಒಂದು ಹೆಜ್ಜೆ ಇಟ್ಟಳು. ಚಪ್ಪಲಿ ಕಾಲಿನಿಂದ ಜಾರಿತು. ಬಗ್ಗಿ ನೋಡಿದಳು. ಪಟ್ಟಿ ಎಂದೋ ಕಿತ್ತುಹೋಗಿತ್ತು, ಮುದುಕ ಅದನ್ನು ಒಂದು ತುಂಡು ಕರೆಂಟು ವೈರಿನಿಂದ ಸಡಿಲವಾಗಿ ಕಟ್ಟಿದ್ದ. ಕಾಲೆತ್ತಿದರೆ ಉಳಿಯುವುದಿಲ್ಲ, ಬೆರಳಲ್ಲಿ ಹಿಡಿದು ಎಳೆದುಕೊಂಡೇ ಹೋಗಬೇಕು. ಕಾಲಿಗೆ ಏನೂ ಆಗಿರಲಿಲ್ಲ. ಹೊಸ ಚಪ್ಪಲಿ ಕೊಳ್ಳಲು ಮನಸ್ಸು ಬಾರದ ಜಿಪುಣ ಮುದುಕ ಇದನ್ನೇ ದೊಡ್ಡ ಗುಟ್ಟು ಮಾಡಿಟ್ಟುಕೊಂಡು ಅವಳನ್ನು ಎರಡು ವರ್ಷ ಓಡಾಡಿಸಿದ್ದ.

ಅವಳು ಬೆರಳು ಮಡಿಚಿ ಚಪ್ಪಲಿಯನ್ನು ಹಿಡಿದಳು. ಎಡಗಾಲು ತಾನಾಗಿ ಎಳೆಯಿತು. ಹಜಾರದ ಬಾಗಿಲಿಗೆ ಬರುವಷ್ಟರಲ್ಲಿ ನಡಿಗೆ ಪಕ್ಕಾ ಆಗಿತ್ತು. ಕಾಲು ಈಗ ಸರಿಯಾಯಿತು ಎಂದು ಹೇಳಬೇಕಾದವನು ಹಸಿರು ಬಟ್ಟೆಯ ಕೆಳಗಿದ್ದ. ಗಲ್ಲ ಎತ್ತಿ ಅವಳು ಬಲ್ಬನ್ನು ನೋಡಿದಳು. ಹೆಂಗಸರು ಆಗಲೇ ನಗತೊಡಗಿದ್ದರು. ಕಿದಾವಾ ಚಪ್ಪಾಳೆ ತಟ್ಟಿ, ಬಂದಳು ನೋಡ್ರೇ ಎಂದಳು.

"ಇದ್ಯಾರಪ್ಪನ ಮನೆ," ಎಂದು ಶುರು ಮಾಡಿದಳು ಕಬುಲಾ. ದನಿ ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು. ಮೊದಲು ಒಂದೇ ಕಣ್ಣಿನಿಂದ ನೀರು ಬಂತು, ಆಮೇಲೆ ಇನ್ನೊಂದರಿಂದ. ಚಿಕ್ಕಂದಿನಿಂದ ಚಿವುಟಿ ಚಿವುಟಿ ಅಡಗಿಸಿದ್ದೆಲ್ಲ ಒಟ್ಟಿಗೆ ಬಂತು. ತಾತಾ ಎಂದು ಕೂಗಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಹಜಾರ ನಗೆಯಲ್ಲಿ ಮುಳುಗಿತು. ಲೈಟ್ ಆರಿಸುವ ಹುಡುಗಿ ಸಾವಿನ ಮನೆಗೆ ಬಂದು ಅಳುವ ಆಟ ಕಟ್ಟಿದ್ದಾಳೆಂದರೆ ನಗದೆ ಇರುವುದುಂಟೇ? ಥೇಟ್ ನಾನು ಅವತ್ತು ಅತ್ತ ಹಾಗೇ ಅಳ್ತಾಳೆ ನೋಡಿ ಎಂದು ಕಿದಾವಾ ಪಕ್ಕದವಳ ಹೆಗಲ ಮೇಲೆ ಬಿದ್ದು ನಕ್ಕಳು. ಬೆಳಗಿನಿಂದ ನೀರೂ ಮುಟ್ಟದೆ ಕೂತಿದ್ದ ಜೈತುನಿ ಕೂಡ ಖಾಂಗಾ ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಸಾಕು ಮಗಾ," ಎಂದಳು ಕಿದಾವಾ ಕಣ್ಣೊರೆಸಿಕೊಳ್ಳುತ್ತ. "ಇನ್ನು ನಗೋಕಾಗಲ್ಲ, ಹೊಟ್ಟೆ ನೋಯ್ತಿದೆ."

ಕಬುಲಾ ನಿಲ್ಲಿಸಲಿಲ್ಲ, ನಿಲ್ಲಿಸಲು ಬರುತ್ತಲೂ ಇರಲಿಲ್ಲ. ಅಳುತ್ತಲೇ, ಚಪ್ಪಲಿ ಎಳೆಯುತ್ತಲೇ ಹೆಂಗಸರ ನಡುವೆ ನಡೆದು ಹೋಗಿ ಗೋಡೆಯ ಮೇಲಿನ ಸ್ವಿಚ್ಚು ಒತ್ತಿದಳು. ಫ್ಯಾನು ನಿಧಾನವಾಗಿ ತಿರುಗಿ ತಿರುಗಿ ನಿಂತಿತು. ಕಟ್ ಎನ್ನುವವರು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವಳು ಅಳುತ್ತಲೇ ಇದ್ದಳು, ಅವರು ನಗುತ್ತಲೇ ಇದ್ದರು.